ಮಾಸ್ತರರ ಮೇಜಿಗೆ ಹನ್ನೆರಡು ಹೆಜ್ಜೆ

ಕಳೆದ ತಿಂಗಳು ನಮ್ಮ ಮನೆಯ ಪುಸ್ತಕದ ಕಪಾಟಿನ ಹಿಂಬದಿಗೆ ಗೆದ್ದಲು ಹತ್ತಿತ್ತು. ಹಳಿಯಾಳ ಕಡೆಯ ಬಡಿಗೇರರೊಬ್ಬರನ್ನು ಕರೆಸಿದ್ದೆ. ಅವರು ಪಡಸಾಲೆಯಲ್ಲೇ ಕೂತು ಸಾಗವಾನಿ ಹಲಗೆಗೆ ರಂದಾ ಹೊಡೆದು ನುಣುಪು ಮಾಡತೊಡಗಿದಾಗ ಮನೆತುಂಬ ಒಂದು ವಾಸನೆ ಹರಡಿತು. ಎಣ್ಣೆಯ ಜಿಡ್ಡು, ಹಳೆಯ ಚರ್ಮ, ಸ್ವಲ್ಪ ಘಾಟು. ಹೊಸದಾಗಿ ಕೊಯ್ದ ಸಾಗವಾನಿಗೆ ಮಾತ್ರ ಇರುವ ವಾಸನೆ ಅದು. ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟೆ. ಕಪಾಟು ಖಾಲಿ ಮಾಡುವಾಗ ಕೆಳಗಿನ ಖಾನೆಯಲ್ಲಿ ಸಿಕ್ಕ ಬಿಸ್ಕೀಟಿನ ತಗಡಿನ ಡಬ್ಬಿ ನನ್ನ ಕಾಲ ಬಳಿಯೇ ಇತ್ತು. ಅದರಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ಅದನ್ನು ತೆರೆಯದೆ ಎಷ್ಟು ವರ್ಷವಾಯಿತೆಂಬುದು ಮಾತ್ರ ಗೊತ್ತಿರಲಿಲ್ಲ...

ಡಬ್ಬಿಯಲ್ಲಿದ್ದದ್ದು ಸಾಗವಾನಿಯ ತೆಳು ಪಟ್ಟಿಗಳು. ಎರಡು ಬೆರಳಗಲ, ಗೇಣುದ್ದ, ಕಾಗದಕ್ಕಿಂತ ಸ್ವಲ್ಪ ದಪ್ಪ. ಪ್ರತಿಯೊಂದರ ತುದಿಗೂ ಒಂದು ತೂತು, ತೂತಿನೊಳಗೆ ಸುತಳಿ. ಒಂದು ಬದಿಗೆ ಒಂದು ಇಂಗ್ಲಿಷ್ ಪದ, ತಿರುವಿದರೆ ಅದೇ ಉಚ್ಚಾರದ ಇನ್ನೊಂದು ಪದ. ಕಾಪಿಂಗ್ ಪೆನ್ಸಿಲನ್ನು ನಾಲಗೆಗೆ ತಾಗಿಸಿ ಬರೆದ ಅಕ್ಷರಗಳು. ನೇರಳೆ ಬಣ್ಣ ಈಗ ಕಂದಾಗಿದೆ, ಆದರೆ ಒಂದು ಅಕ್ಷರವೂ ಅಳಿಸಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹಳಿಯಾಳದಲ್ಲಿ ಮ್ಯಾಟ್ರಿಕ್ ಮುಗಿಸಿ, ಮೂರು ವರ್ಷ ಅಲ್ಲಿ ಇಲ್ಲಿ ಬರವಣಿಗೆ ಕೆಲಸ ಮಾಡಿ, ದಾಂಡೇಲಿಯ ಒಂದು ಕಟ್ಟಿಗೆ ಕಂಪನಿಯಲ್ಲಿ ಕಾರಕೂನನಾಗಿ ಸೇರಿದ್ದೆ. ಇಪ್ಪತ್ತೊಂದು ವಯಸ್ಸು. ಆ ಕಂಪನಿ ಈಗ ಇಲ್ಲ. ಊರೆಲ್ಲ ಕಾಗದದ ಗಿರಣಿಯ ಭೋಂಗಾ ಕೂಗಿದ್ದು ಕೇಳಿ ಏಳುತ್ತಿತ್ತು, ಊಟಕ್ಕೆ ಕೂಡುತ್ತಿತ್ತು. ನಮ್ಮ ಕಚೇರಿಯ ಗೋಡೆ ಗಡಿಯಾರವನ್ನೂ ಆ ಭೋಂಗಾಕ್ಕೇ ಹೊಂದಿಸುತ್ತಿದ್ದೆವು. ಕಿಟಕಿಯಾಚೆ ದಿಮ್ಮಿಗಳ ರಾಶಿ, ಅದರಾಚೆ ಕಾಡು. ಮಳೆಗಾಲದಲ್ಲಿ ದಿಮ್ಮಿಗಳ ಮೇಲೆ ಅಣಬೆ ಏಳುತ್ತಿದ್ದವು.

ಕಚೇರಿಯಲ್ಲಿ ನಾಲ್ಕು ಜನ. ಮ್ಯಾನೇಜರ ಸಾಹೇಬರು, ಮುಂಬಯಿ ಕಡೆಯವರು. ಒಬ್ಬ ಸಿಪಾಯಿ, ಜೋಯಿಡಾದ ಕುಂಬಾರವಾಡದವನು. ಹೊಸಬನಾದ ನಾನು. ಮತ್ತು ಪತ್ರವ್ಯವಹಾರದ ಕಾರಕೂನರು, ಎಲ್ಲರ ಬಾಯಲ್ಲಿ ‘ಮಾಸ್ತರು’. ಅವರು ಯಾವ ಸಾಲೆಯಲ್ಲೂ ಒಂದು ದಿನ ಕಲಿಸಿದವರಲ್ಲ. ನಲವತ್ತರ ಹತ್ತಿರದ ವಯಸ್ಸು, ಕಚ್ಚೆ ಧೋತರ, ಕರಿ ಟೋಪಿ, ಮೊಣಕೈಯಲ್ಲಿ ತೇಪೆ ಹಾಕಿದ ಕೋಟು. ಬೆಳಿಗ್ಗೆ ಹಣೆಯ ಮೇಲೆ ಮೂರು ಗೆರೆ ಇರುತ್ತಿದ್ದ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಎರಡೇ ಆಗಿರುತ್ತಿತ್ತು.

ಸಾಹೇಬರು ಇಂಗ್ಲಿಷನ್ನು ಜೋರಾಗಿ ಮಾತಾಡುತ್ತಿದ್ದರು, ಅದೇ ಜೋರಿನಲ್ಲಿ ಬರೆಯುತ್ತಿದ್ದರು. ನಾನು ಸೇರುವುದಕ್ಕೆ ಬಹಳ ಮೊದಲು ಅವರು ಮುಂಬಯಿಯ ಹೆಡ್ ಆಫೀಸಿಗೆ ‘ಈ ನಷ್ಟವನ್ನು ನಾವು ಹೊರಲಾರೆವು’ ಎಂದು ಬರೆಯಹೋಗಿ, ಅದೇ ಉಚ್ಚಾರದ ಇನ್ನೊಂದು ‘ಬೇರ್’ ಬರೆದಿದ್ದರಂತೆ. ನಷ್ಟವನ್ನು ಬತ್ತಲೆ ಮಾಡಲಾರೆವು ಎಂದಂತಾಗಿತ್ತು. ‘ದಯವಿಟ್ಟು ಮೈಮೇಲೆ ಬಟ್ಟೆ ಇರಲಿ’ ಎಂದು ಮುಂಬಯಿಯಿಂದ ಒಂದೇ ಸಾಲಿನ ಉತ್ತರ ಬಂತು. ಅಂದಿನಿಂದ ಮಾಸ್ತರರ ಮೇಜಿನ ಮೇಲೆ ಹಾಯದೆ ಒಂದು ಕಾಗದವೂ ಟಪಾಲಿಗೆ ಹೋಗುತ್ತಿರಲಿಲ್ಲ. ಅವರು ಓದಿ, ತಿದ್ದಿ, ಕಚೇರಿ ಪ್ರತಿಯ ಮೂಲೆಯಲ್ಲಿ ನೀಲಿ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಬೇಕು. ಆಮೇಲೇ ಸಾಹೇಬರ ಸಹಿ.

ಪಟ್ಟಿಗಳು ಹುಟ್ಟಿದ್ದು ಆಗ. ಗಿರಾಕಿಗಳಿಗೆ ತೋರಿಸಲು ಸಾಗವಾನಿಯ ತೆಳು ಪದರಗಳನ್ನು ಪಾಕೀಟಿನಲ್ಲಿ ಕಳಿಸುವ ರೂಢಿಯಿತ್ತು. ಸೀಳಿದ್ದು, ಗಂಟು ಬಂದದ್ದು ಕಸಕ್ಕೆ ಹೋಗುತ್ತಿತ್ತು. ಮಾಸ್ತರು ಅವನ್ನು ಆರಿಸಿಕೊಂಡು ಪಟ್ಟಿ ಕತ್ತರಿಸಿದರು. ‘ವೆದರ್’ ಎಂದರೆ ಒಂದು ಕಡೆ ಮಳೆ ಬಿಸಿಲು, ತಿರುವಿದರೆ ಹೌದೋ ಅಲ್ಲವೋ. ‘ಸ್ಟೇಷನರಿ’ ಎಂದರೆ ಒಂದು ಕಡೆ ಕಾಗದ ಲೇಖನಿ, ಇನ್ನೊಂದು ಕಡೆ ಅಲುಗದೆ ನಿಂತದ್ದು. ‘ಪ್ರಿನ್ಸಿಪಲ್’ ಒಂದು ಕಡೆ ಸಾಲೆಯ ಮುಖ್ಯಸ್ಥ, ಇನ್ನೊಂದು ಕಡೆ ತತ್ವ. ಇದು ಸಾಹೇಬರ ಸುತಳಿ. ಅದಕ್ಕಿಂತ ದಪ್ಪನೆಯ ಇನ್ನೊಂದು ಸುತಳಿ ‘ನಮ್ಮ ಮಂದಿದು’. ಇಂಗ್ಲಿಷರ ಕಿವಿಗೆ ಬೇರೆಯಾಗಿದ್ದು ನಮ್ಮ ನಾಲಗೆಯಲ್ಲಿ ಒಂದಾಗುವ ಪದಗಳು ಅದರಲ್ಲಿದ್ದವು: ಟೆಸ್ಟು ಟೇಸ್ಟು, ಪೆನ್ನು ಪೇನು, ಹಾಲು ಹೋಲು. ಕಡಿದ ಮರಕ್ಕೆ ‘ಫೆಲ್ಡ್’ ಎನ್ನಬೇಕು, ನಮ್ಮ ಡಿಪೋದವರು ‘ಫೇಲ್ಡ್’ ಎಂದು ಬರೆದು ಕಳಿಸುತ್ತಿದ್ದರು.

“ನೂರಾ ಇಪ್ಪತ್ತು ಸಾಗವಾನಿ ಗಿಡಾ ನಪಾಸ ಆಗ್ಯಾವಂತ ನೋಡ್ರಿ. ಪಾಪ, ಮುಂದಿನ ವರ್ಷ ಮತ್ತ ಕುಂಡ್ರತಾವ” ಎಂದು ಮಾಸ್ತರು ನಗದೆ ಹೇಳುತ್ತಿದ್ದರು.

ಸಿಪಾಯಿ ಆ ಸುತಳಿಗಳನ್ನು ಗೋಡೆಯ ಮೊಳೆಯಿಂದ ಇಳಿಸಿ ಧೂಳು ಝಾಡಿಸುವಾಗಲೆಲ್ಲ, “ಮಾಸ್ತರ್ರ, ಇನ್ನೊಂದೆರಡು ವರ್ಷ ಕೂಡಿಸ್ರಿ, ಇದರಾಗ ಒಂದು ದನದ ಕೊಟ್ಟಿಗಿ ಎಬ್ಬಸಬಹುದು” ಎನ್ನುತ್ತಿದ್ದ.

“ಎಬ್ಬಸು. ಮೊದಲನೇ ದನಾ ನಾನ ಅದೇನಿ” ಎನ್ನುತ್ತಿದ್ದರು ಮಾಸ್ತರು. ಆ ಮಾತಿನಲ್ಲಿ ಎಷ್ಟು ಪಾಲು ಚೇಷ್ಟೆ ಎಂಬುದು ನನಗೆ ಆಗ ತಿಳಿಯುತ್ತಿರಲಿಲ್ಲ...

ಕಂಪನಿಯಲ್ಲಿ ಒಂದು ಪದ್ಧತಿಯಿತ್ತು. ನೌಕರ ಕಾಯಂ ಆದ ದಿನ ತನ್ನ ಮೂಲ ಸರ್ಟಿಫಿಕೇಟುಗಳನ್ನು ತಂದು ಸಾಹೇಬರ ತಿಜೋರಿಯಲ್ಲಿ ಇಡಬೇಕು. ಕೆಲಸ ಬಿಡುವಾಗ, ಸಾಹೇಬರು ಒಪ್ಪಿದರೆ, ವಾಪಸು ಸಿಗುತ್ತಿತ್ತು. ಮಾಸ್ತರರ ಬಿ.ಎ. ಸರ್ಟಿಫಿಕೇಟು ಹನ್ನೊಂದು ವರ್ಷದಿಂದ ಅಲ್ಲಿತ್ತು. ಅವರ ಹೆಂಡತಿ ಮುಂಡಗೋಡದ ಹತ್ತಿರದ ಒಂದು ಊರಿನಲ್ಲಿ ಹೆಣ್ಣುಮಕ್ಕಳ ಪ್ರಾಥಮಿಕ ಸಾಲೆಯ ಶಿಕ್ಷಕಿ, ಮಗಳೊಂದಿಗೆ ಅಲ್ಲಿಯೇ ಇದ್ದರು. ಮಾಸ್ತರು ತಿಂಗಳಿಗೊಮ್ಮೆ ಶನಿವಾರ ಹಳಿಯಾಳಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ಕಲಘಟಗಿ ಹಾಯ್ದು ಊರು ಸೇರುತ್ತಿದ್ದರು. ಭಾನುವಾರ ಮಧ್ಯಾಹ್ನ ತಿರುಗಿ ಹೊರಡುತ್ತಿದ್ದರು.

ಆ ವರ್ಷ ಅದೇ ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಶಿಕ್ಷಕರ ಜಾಗ ತೆರವಾಗಿತ್ತು. ಸಾಲೆಯ ಕಮಿಟಿಯವರು ಮಾಸ್ತರರಿಗೇ ಕೊಡುತ್ತೇವೆಂದಿದ್ದರು. ಎರಡು ಕರಾರು: ಮೂಲ ಸರ್ಟಿಫಿಕೇಟು ಬೇಕು, ಜೂನಿನಲ್ಲಿ ಸಾಲೆ ತೆರೆಯುವ ದಿನ ಹಾಜರಿರಬೇಕು. ಅವರ ವಯಸ್ಸು ನೇಮಕದ ಗಡಿ ಮುಟ್ಟಿತ್ತು. ಈ ಜೂನ್ ತಪ್ಪಿದರೆ ಮತ್ತೆ ಇಲ್ಲ.

ಸಾಹೇಬರು ಕೆಟ್ಟವರಲ್ಲ. ಅವರು ಹೇಳಿದ್ದು ಇಷ್ಟೇ: ನಿಮ್ಮ ಬದಲಿ ಮನುಷ್ಯನನ್ನು ತಯಾರು ಮಾಡಿ, ಹೋಗಿ. ಆ ಬದಲಿ ಮನುಷ್ಯ ನಾನು.

ಸರ್ಟಿಫಿಕೇಟು ಕಳೆದಿದೆ ಎಂದು ಅರ್ಜಿ ಹಾಕಿ ಇನ್ನೊಂದು ಪ್ರತಿ ತರಿಸಬಹುದಲ್ಲ ಎಂದು ನಾನೇ ಒಮ್ಮೆ ಕೇಳಿದ್ದೆ.

“ಕಳದಿಲ್ಲಲ್ಲೋ ತಮ್ಮಾ” ಎಂದರು. “ತಿಜೋರ್ಯಾಗ ಐತಿ. ಸಾಹೇಬ್ರು ಬಾಗಲಾ ತಗದಾಗೆಲ್ಲಾ ನಾ ನೋಡ್ತೇನಿ. ಕಣ್ಣಮುಂದ ಇದ್ದದ್ದನ್ನ ಕಳದೈತಿ ಅಂತ ಹೆಂಗ ಬರೀಲಿ?”

ಮಳೆಗಾಲ ಮುಗಿದಾಗಿನಿಂದ ಪಾಠ ಶುರುವಾಯಿತು. ಸಂಜೆ ಕಚೇರಿ ಮುಗಿದ ಮೇಲೆ ಒಂದು ತಾಸು. ಅವರು ಒಂದು ಪಟ್ಟಿ ಎತ್ತಿ ಹಿಡಿಯುವರು, ನಾನು ಕಾಣುವ ಪದದ ಅರ್ಥ ಹೇಳಿ, ಕಾಣದ ಬದಿಯ ಪದವನ್ನು ಅಕ್ಷರ ಬಿಡಿಸಿ ಹೇಳಬೇಕು. ತಪ್ಪಿದರೆ ಅವರು ಬೈಯುತ್ತಿರಲಿಲ್ಲ, ಆ ಪಟ್ಟಿಯನ್ನು ನನ್ನ ಅಂಗಿಯ ಕಿಸೆಯಲ್ಲಿ ತುರುಕುತ್ತಿದ್ದರು. ಅದನ್ನು ಖೋಲಿಗೆ ಒಯ್ಯಬೇಕು, ಮರುದಿನ ಮೊದಲು ಅದಕ್ಕೇ ಉತ್ತರ. ಶುರುವಿನಲ್ಲಿ ನನ್ನ ಕಿಸೆ ಹರಿಯುವಷ್ಟು ಪಟ್ಟಿಗಳಿರುತ್ತಿದ್ದವು. ಕೆಲವು ಭಾನುವಾರ ಮೌಳಂಗಿಯ ಕಡೆ ಹೊಳೆದಂಡೆಗೆ ನಡೆದು ಹೋಗುತ್ತಿದ್ದೆವು. ಅಲ್ಲಿ ಬಂಡೆಯ ಮೇಲೆ ಕೂತು ಪಟ್ಟಿ ಇಲ್ಲದೆ, ಬರೀ ಬಾಯಿಂದ ಕೇಳುತ್ತಿದ್ದರು.

“ಕಿವಿ ನಂಬಬ್ಯಾಡ. ಕಿವಿ ಎಲ್ಲಾರನ್ನೂ ಒಂದs ಮಾಡ್ತೈತಿ” ಎಂದು ಅಲ್ಲಿಯೇ ಒಮ್ಮೆ ಹೇಳಿದರು. “ಪದದ ಹಿಂದ ಮುಂದ ಯಾರು ನಿಂತಾರ ನೋಡು. ಅವ್ರ ಹೇಳ್ತಾರ ಅದು ಯಾವ್ದಂತ.”

ನಲವತ್ತು ವರ್ಷ ಸುದ್ದಿಮನೆಯಲ್ಲಿ ಕೂತು ಕೆಲಸ ಮಾಡಿದ್ದೇನೆ. ಇದಕ್ಕಿಂತ ಉಪಯೋಗದ ಪಾಠ ನನಗೆ ಅಲ್ಲಿಯೂ ಯಾರೂ ಹೇಳಿಕೊಡಲಿಲ್ಲ.

ಹೋಳಿ ಹುಣ್ಣಿಮೆಯ ಹೊತ್ತಿಗೆ ನನ್ನ ಕಿಸೆ ಖಾಲಿಯಾಗಿತ್ತು. ಯಾವ ಪಟ್ಟಿ ಹಿಡಿದರೂ ಎರಡೂ ಬದಿ ಹೇಳುತ್ತಿದ್ದೆ. ಏಪ್ರಿಲಿನ ಒಂದು ಭಾನುವಾರ ಮಾಸ್ತರರ ಹೆಂಡತಿ ಮಗಳನ್ನು ಕರೆದುಕೊಂಡು ದಾಂಡೇಲಿಗೆ ಬಂದರು. ನಾನು ಕಂಡಂತೆ ಅವರು ಬಂದದ್ದು ಅದೊಂದೇ ಸಲ. ಕಂಪನಿಯ ಒಂದು ಖೋಲಿಯ ಮನೆಯಲ್ಲಿ ಮಾಸ್ತರರ ಚಾಪೆಯ ಮೇಲೆ ನನ್ನನ್ನೂ ಕೂಡಿಸಿ, ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿದರು. ಅವರೂ ಶಿಕ್ಷಕಿಯೇ ಆದ್ದರಿಂದ ನಾನು ‘ಬಾಯಾರ’ ಎಂದು ಕರೆದೆ.

“ಎಲ್ಲಾ ಕಲ್ತಿಯೇನಪಾ ತಮ್ಮಾ?” ಎಂದು ಕೇಳಿದರು.

“ಕಲ್ತೇನ್ರಿ ಬಾಯಾರ.”

“ಇವ್ರು ಹೇಳ್ತಾರ ನೀ ಭಾಳ ಶಾಣ್ಯಾ ಅಂತ. ಇವ್ರು ಸುಮ್ಮಸುಮ್ಮನ ಯಾರಿಗೂ ಹಂಗ ಅನ್ನೂದಿಲ್ಲ. ನನಗಂತೂ ಹನ್ನೊಂದು ವರ್ಷದಾಗ ಒಮ್ಮೆನೂ ಅಂದಿಲ್ಲ.”

“ನೀ ಒಮ್ಮೆನೂ ಪರೀಕ್ಷಾಕ್ಕ ಕುಂತಿಲ್ಲಲ್ಲಾ” ಎಂದರು ಮಾಸ್ತರು.

“ಕುಂತೇನಿ. ದಿನಾ ಕುಂತೇನಿ” ಎಂದರು ಆಕೆ. ಆಮೇಲೆ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತ, “ತಿನ್ನು ತಮ್ಮಾ. ಇನ್ನ ನಿನ್ನ ಕೈಯಾಗ ಐತಿ” ಎಂದರು. ರೊಟ್ಟಿಯ ಬಗ್ಗೆ ಹೇಳಿದ್ದಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ನಾನು ಆ ರೊಟ್ಟಿಯನ್ನು ತಿಂದೆ.

ಏಪ್ರಿಲ್ ಕೊನೆಗೆ ಸಾಹೇಬರು ನನ್ನನ್ನು ಒಳಗೆ ಕರೆದರು. ಒಂದು ತಿಂಗಳು ಎಲ್ಲ ಕಾಗದಗಳನ್ನೂ ನಾನೇ ತಿದ್ದಬೇಕು, ನಾನೇ ನೀಲಿ ಗುರುತು ಹಾಕಬೇಕು. ಸರಿಯಾಗಿ ನಡೆದರೆ ಮಾಸ್ತರರಿಗೆ ಬಿಡುಗಡೆ, ನನಗೆ ಕಾಯಂ ನೌಕರಿ. “ಹ್ಯಾಂಚೀ ಜಾಗಾ ತುಝೀ” ಎಂದರು ಮರಾಠಿಯಲ್ಲಿ, ಇವರ ಜಾಗ ನಿನ್ನದು ಎಂದು. ಹಾಗೆ ಹೇಳುತ್ತ, ನನಗೆ ಗೌರವ ತೋರುವವರಂತೆ, ತಿಜೋರಿಯ ಬಾಗಿಲು ತೆರೆದರು. ಕೆಳಗಿನ ಅರೆಯಲ್ಲಿ ದಾರ ಸುತ್ತಿದ ಒಂದು ಖಾಕಿ ಪಾಕೀಟು ಇತ್ತು. ಅಂಚಿನಲ್ಲಿ ಹುಳು ತಿಂದ ಸಣ್ಣ ಸಣ್ಣ ತೂತು. ಸಾಹೇಬರು ಆ ಪಾಕೀಟಿನ ಪಕ್ಕದ ಖಾಲಿ ಜಾಗವನ್ನು ಬೆರಳಿನಿಂದ ತಟ್ಟಿ, ನಿನ್ನ ಮ್ಯಾಟ್ರಿಕ್ ಸರ್ಟಿಫಿಕೇಟು ಇಲ್ಲಿ, ಎಂದರು.

ಮೊದಲ ವಾರ ನಾನು ಪ್ರಾಮಾಣಿಕವಾಗಿ ಕೆಲಸ ಮಾಡಿದೆ. ಬಂದ ಕಾಗದಗಳನ್ನೆಲ್ಲ ನನ್ನ ಮೇಜಿನಲ್ಲೇ ಮುಗಿಸಿದೆ. ಮಾಸ್ತರರ ಮೇಜು ಖಾಲಿಯಿತ್ತು. ಅವರು ಕಿಟಕಿಯಾಚೆ ದಿಮ್ಮಿಗಳನ್ನು ನೋಡುತ್ತ ಕೂತಿರುತ್ತಿದ್ದರು. ಏನೂ ಕೆಲಸವಿಲ್ಲದ ಮಾಸ್ತರರನ್ನು ನಾನು ಅದೇ ಮೊದಲು ನೋಡಿದ್ದು. ಒಂದು ಮಧ್ಯಾಹ್ನ ಅವರು ಸಣ್ಣಗೆ ಏನನ್ನೋ ಗುನುಗುತ್ತಿದ್ದರು. ಸಿಪಾಯಿ ನನ್ನ ಬಳಿ ಬಂದು, “ಕೇಳಿದ್ರಿ? ಹನ್ನೊಂದು ವರ್ಷದಾಗ ಇವತ್ತ ಬಾಯಿ ಬಂತು” ಎಂದು ಪಿಸುಗುಟ್ಟಿದ.

ಶನಿವಾರ ಸಾಹೇಬರು ನನ್ನ ಬೆನ್ನು ತಟ್ಟಿ, ಸೋಮವಾರ ಬರುವಾಗ ಸರ್ಟಿಫಿಕೇಟು ತಂದುಬಿಡು, ತಿಂಗಳು ಕಾಯುವುದು ಬೇಡ ಎಂದರು. ಅಂದು ಸಂಜೆ ಹಳಿಯಾಳಕ್ಕೆ ಹೋದೆ. ಟ್ರಂಕಿನಿಂದ ಸರ್ಟಿಫಿಕೇಟು ತೆಗೆದು ನೋಡಿದೆ. ಅವ್ವ ಅದನ್ನು ತನ್ನ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದಳು. ಅದನ್ನು ಹಿಡಿದಾಗ ನನ್ನ ಕಣ್ಣ ಮುಂದೆ ಬಂದದ್ದು ಮಾಸ್ತರರ ಕುರ್ಚಿ. ಅದರ ಕೈಗಳು ಅಂಗೈ ತಾಗಿ ತಾಗಿ ಕಪ್ಪಾಗಿ ಹೊಳೆಯುತ್ತಿದ್ದವು. ಕಾಲ ಬುಡದಲ್ಲಿ ನೆಲದ ಫರಸಿಯ ಮೇಲೆ ಎರಡು ಸವೆದ ಗುರುತಿದ್ದವು. ನಾನು ಒಳ್ಳೆಯ ಕೆಲಸಗಾರನಾದಷ್ಟೂ ಆ ಕುರ್ಚಿ ನನ್ನನ್ನು ಬಿಡುವುದಿಲ್ಲ ಎಂದು ತಿಳಿಯುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ಆಗ ನನಗೆ ಬೇರೆ ಯಾವ ನೌಕರಿಯ ಕರೆಯೂ ಬಂದಿರಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಮುಂದೆ ಮಾಡಿದ್ದನ್ನು ನಾನು ಇನ್ನೊಂದು ಕೆಲಸದ ಆಸೆಗೆ ಮಾಡಲಿಲ್ಲ. ಬರೀ ಹೆದರಿಕೆಯಿಂದ ಮಾಡಿದೆ.

ಸೋಮವಾರ ಸರ್ಟಿಫಿಕೇಟು ಒಯ್ಯಲಿಲ್ಲ; ಅವ್ವ ಊರಲ್ಲಿರಲಿಲ್ಲ, ಟ್ರಂಕಿಗೆ ಕೀಲಿ ಹಾಕಿತ್ತು ಎಂದು ಸಾಹೇಬರಿಗೆ ಸುಳ್ಳು ಹೇಳಿದೆ. ಹತ್ತೂವರೆಗೆ ಮೊದಲ ಕಾಗದ ಬಂತು. ಅದರಲ್ಲಿ ಒಂದು ‘ಸೈಟ್’ ಇತ್ತು. ಜಾಗ ಎಂಬ ಅರ್ಥದ್ದು, ನೋಟ ಎಂಬ ಅರ್ಥದ್ದಲ್ಲ. ನನಗೆ ಗೊತ್ತಿತ್ತು. ನಾನು ಕಾಗದ ಹಿಡಿದು ಎದ್ದೆ. ನನ್ನ ಮೇಜಿನಿಂದ ಮಾಸ್ತರರ ಮೇಜಿಗೆ ಹನ್ನೆರಡು ಹೆಜ್ಜೆ. ನಡುವೆ ಸಾಹೇಬರ ಕೋಣೆಯ ಗಾಜಿನ ಬಾಗಿಲು. ಸಾಹೇಬರು ತಲೆ ಎತ್ತಿ ನೋಡುವಷ್ಟು ನಿಧಾನವಾಗಿ ನಡೆದೆ.

“ಮಾಸ್ತರ್ರ, ಇದು ಯಾವ ಸೈಟ್ರಿ?”

ಅವರು ಕಾಗದ ನೋಡಲಿಲ್ಲ, ನನ್ನ ಮುಖ ನೋಡಿದರು. ಆಮೇಲೆ ಕಾಗದ ತೆಗೆದುಕೊಂಡು, ಆ ಪದದ ಕೆಳಗೆ ಬೆರಳಿಟ್ಟು, ಮೊದಲ ದಿನದ ಪಾಠದಲ್ಲಿ ಹೇಳಿದಷ್ಟೇ ಸಮಾಧಾನದಿಂದ ಎರಡೂ ಅರ್ಥ ಹೇಳಿದರು. ನಾನು ತಲೆಯಾಡಿಸಿದೆ.

ಅಂದು ಮೂರು ಸಲ ಎದ್ದು ಹೋದೆ. ಮಂಗಳವಾರ ಐದು ಸಲ. ವಾರ ಕಳೆಯುವುದರೊಳಗೆ ಪ್ರತಿ ಕಾಗದಕ್ಕೂ ಎದ್ದು ಹೋಗುತ್ತಿದ್ದೆ. ‘ನೀನೇ ಮಾಡು’ ಎಂದು ಅವರು ಒಂದು ಮಾತು ಹೇಳಿದ್ದರೆ ನನ್ನ ಆಟ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೇಳಿದವರಿಗೆ ಹೇಳದೆ ಕಳಿಸುವುದು, ಅನುಮಾನವಿರುವ ಕಾಗದವನ್ನು ಹಾಗೇ ಬಿಡುವುದು ಅವರಿಂದಾಗದ ಕೆಲಸ. ಅದು ನನಗೆ ಗೊತ್ತಿತ್ತು. ಅದನ್ನೇ ನಂಬಿ ನಾನು ನಡೆಯುತ್ತಿದ್ದೆ... ಎರಡನೆಯ ವಾರದ ಕೊನೆಗೆ ಕಾಗದಗಳು ನನ್ನ ಮೇಜಿಗೆ ಬರುವುದೇ ನಿಂತು ನೇರ ಅವರ ಮೇಜಿಗೆ ಹೋಗತೊಡಗಿದವು. ಗುನುಗುವುದು ನಿಂತಿತ್ತು.

“ಮಾಸ್ತರ್ರ, ನಿಮ್ಮ ಗಿಳಿ ಹಾರತೈತಿ ಅಂದ್ರಿ. ಅದು ಹೊಳ್ಳಿ ನಿಮ್ಮ ಹೆಗಲಮ್ಯಾಲ ಬಂದು ಕುಂತತಲ್ರಿ” ಎಂದು ಸಿಪಾಯಿ ನನ್ನ ಎದುರಿಗೇ ಅಂದ.

“ಗಿಳಿದೇನ ತಪ್ಪಿಲ್ಲ. ಕಲಿಸಿದವನ ಹೆಗಲ ಅಗಲ ಅದಾವ” ಎಂದರು ಮಾಸ್ತರು.

ಮೇ ಕೊನೆಗೆ ಸಾಹೇಬರು ತೀರ್ಪು ಕೊಟ್ಟರು. “ಪೋರಗಾ ಅಜೂನ್ ಕಚ್ಚಾ ಆಹೇ.” ಹುಡುಗ ಇನ್ನೂ ಹಸಿ, ಮುಂದಿನ ವರ್ಷ ನೋಡೋಣ. ಹೈಸ್ಕೂಲಿನ ಕಮಿಟಿಗೆ, ನಮ್ಮ ನೌಕರರನ್ನು ಸದ್ಯ ಬಿಡಲಾಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದರು. ಆ ಪತ್ರವೂ ಪದ್ಧತಿಯಂತೆ ಮಾಸ್ತರರ ಮೇಜಿಗೆ ಬಂತು. ನಾನು ನನ್ನ ಜಾಗದಿಂದ ನೋಡುತ್ತಿದ್ದೆ. ಅವರು ಅದನ್ನು ಬೇರೆ ಕಾಗದಗಳಿಗಿಂತ ಬೇಗ ಓದಲೂ ಇಲ್ಲ, ತಡವಾಗಿ ಓದಲೂ ಇಲ್ಲ. ಎರಡು ಕಡೆ ತಿದ್ದಿದರು. ಮೂಲೆಯಲ್ಲಿ ನೀಲಿ ಗುರುತು ಹಾಕಿದರು. ಪಾಕೀಟಿನ ಮೇಲೆ ತಮ್ಮ ಹೆಂಡತಿ ಇದ್ದ ಊರಿನ ಹೆಸರನ್ನು ಸ್ವಚ್ಛ ಅಕ್ಷರದಲ್ಲಿ ಬರೆದು ಸಿಪಾಯಿಯ ಕೈಗೆ ಕೊಟ್ಟರು. ನಾಲ್ಕರ ಟಪಾಲಿಗೆ ಅದು ಹೋಯಿತು.

ಆ ಶನಿವಾರ ಕೈಚೀಲ ಹಿಡಿದು ಎಂದಿನ ಬಸ್ಸಿಗೆ ಹೊರಟರು. ಸೋಮವಾರ ಎಂದಿನಂತೆ ಬಂದರು. ಊರಿನಲ್ಲಿ ಏನು ಮಾತಾಯಿತೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಜೂನಿನಲ್ಲಿ ಮಳೆ ಹಿಡಿಯಿತು, ದಿಮ್ಮಿಗಳ ಮೇಲೆ ಅಣಬೆ ಎದ್ದವು. ಆ ಹೈಸ್ಕೂಲಿಗೆ ಗದಗ ಕಡೆಯವರೊಬ್ಬರು ಬಂದರಂತೆ. ಸಂಜೆಯ ಪಾಠವನ್ನು ಮಾಸ್ತರು ನಿಲ್ಲಿಸಲಿಲ್ಲ. ಪಟ್ಟಿ ಎತ್ತಿ ಹಿಡಿಯುವರು. ನಾನು ಹತ್ತರಲ್ಲಿ ಮೂರನ್ನು ಬೇಕೆಂದೇ ತಪ್ಪಿ ಹೇಳುತ್ತಿದ್ದೆ. ಅವರು ಆ ಮೂರನ್ನು ನನ್ನ ಕಿಸೆಗೆ ತುರುಕುತ್ತಿದ್ದರು. ಇಬ್ಬರೂ ಹೀಗೆ ಏಳು ತಿಂಗಳು ನಡೆಸಿದೆವು. ನನ್ನ ಬದುಕಿನಲ್ಲಿ ಅದಕ್ಕಿಂತ ಉಸಿರುಕಟ್ಟಿದ ಕಾಲ ಇನ್ನೊಂದಿಲ್ಲ. ತಪ್ಪಿಸಿಕೊಂಡವನು ನಾನಾಗಿದ್ದೆ, ಆದರೆ ದಿನಾ ಸಂಜೆ ಒಂದು ತಾಸು ಆ ಮೇಜಿನ ಮುಂದೆ ಕೂತು ದಡ್ಡನಾಗಿರಬೇಕಿತ್ತು.

ಸಂಕ್ರಾಂತಿಯ ಮೊದಲು ಹುಬ್ಬಳ್ಳಿಯ ಒಂದು ಪತ್ರಿಕೆಯಲ್ಲಿ ಕರಡು ತಿದ್ದುವವರು ಬೇಕಾಗಿದ್ದಾರೆಂಬ ಜಾಹೀರಾತು ಬಂತು. ಕನ್ನಡದೊಂದಿಗೆ ಇಂಗ್ಲಿಷೂ ಚೆನ್ನಾಗಿ ಬರಬೇಕು ಎಂದಿತ್ತು. ಅದನ್ನು ಕತ್ತರಿಸಿ ನನ್ನ ಮೇಜಿನ ಮೇಲೆ ಇಟ್ಟವರು ಮಾಸ್ತರು. ಅರ್ಜಿಯನ್ನೂ ಅವರೇ ನೋಡಿದರು. ತಿದ್ದಲು ಅದರಲ್ಲಿ ಏನೂ ಇರಲಿಲ್ಲ, ಹಾಗೇ ಮಡಿಸಿ ನನ್ನ ಕೈಗೆ ಕೊಟ್ಟರು. ನಾನು ಕಾಯಂ ನೌಕರನಲ್ಲ, ನನ್ನ ಸರ್ಟಿಫಿಕೇಟು ನನ್ನ ಟ್ರಂಕಿನಲ್ಲೇ ಇತ್ತು. ಯಾರ ಒಪ್ಪಿಗೆಯೂ ಬೇಕಿರಲಿಲ್ಲ.

ಹೊರಡುವ ಬೆಳಿಗ್ಗೆ ಅವರು ದಾಂಡೇಲಿಯ ಬಸ್ ಸ್ಟ್ಯಾಂಡಿಗೆ ಬಂದರು. ಕೈಯಲ್ಲಿ ಎರಡೂ ಸುತಳಿಗಳಿದ್ದವು. ಬಸ್ಸು ಬಂದಿತ್ತು, ಡ್ರೈವರು ಚಹಾ ಕುಡಿಯುತ್ತಿದ್ದ. ಮಾಸ್ತರು ಕಲ್ಲಿನ ಕಟ್ಟೆಯ ಮೇಲೆ ಕೂತು, ಯಾವ ಮುನ್ಸೂಚನೆಯೂ ಇಲ್ಲದೆ ಒಂದು ಪಟ್ಟಿ ಎತ್ತಿ ಹಿಡಿದರು.

“ಪೇಲ್.”

“ಬಿಳಚಿಕೊಂಡದ್ದು. ಹಿಂದ ಬಕೀಟು.”

“ಮೇಲ್.”

“ಟಪಾಲು. ಹಿಂದ ಗಂಡು.”

“ವೇಸ್ಟ್.”

“ಹಾಳು ಮಾಡೂದು. ಹಿಂದ ನಡು.”

ಅವರು ಬೇಗ ಬೇಗ ಪಟ್ಟಿ ಬದಲಿಸಿದರು, ನಾನು ಅಷ್ಟೇ ಬೇಗ ಹೇಳಿದೆ. ಹೊರಡುವ ಗಡಿಬಿಡಿ, ಚಳಿ, ಕಂಡಕ್ಟರನ ಕೂಗು... ತಪ್ಪಬೇಕು ಎಂಬುದು ನನಗೆ ಮರೆತೇಹೋಗಿತ್ತು. ಇಪ್ಪತ್ತೋ ಇಪ್ಪತ್ತೈದೋ ಪಟ್ಟಿಗಳಾದವು. ಒಂದೂ ತಪ್ಪಲಿಲ್ಲ. ಕೊನೆಯ ಪಟ್ಟಿ ಅವರ ಕೈಯಲ್ಲೇ ನಿಂತಿತು. ಆಗ ನನಗೆ ನಾನೇನು ತೋರಿಸಿಕೊಟ್ಟೆನೆಂದು ತಿಳಿಯಿತು.

ಮಾಸ್ತರು ಸುತಳಿಗಳನ್ನು ಸುತ್ತಿ ನನ್ನ ಅಂಗಿಯ ಕಿಸೆಗೆ ತುರುಕಲು ನೋಡಿದರು. ಹಿಡಿಸಲಿಲ್ಲ. ಕೈಗೇ ಕೊಟ್ಟರು.

“ಪಾಸಾದಿ ನೋಡಪಾ” ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅನುಕೂಲವಾಗುತ್ತಿತ್ತು. “ಮೇ ತಿಂಗಳದಾಗನ ಪಾಸ ಆಗಿದ್ದಿ. ಹೋಗು, ಕಿಡಕಿ ಹಂತೇಕ ಕುಂಡ್ರು.”

“ಮಾಸ್ತರ್ರ...” ಎಂದೆ. 

“ಅಲ್ಲಿ ಯಾರನ್ನೂ ಎದ್ದು ಹೋಗಿ ಕೇಳಬ್ಯಾಡ” ಎಂದರು. “ಬರ್ತೇನಿ. ಹತ್ತರ ಭೋಂಗಾ ಆಗತೈತಿ.” ಧೋತರದ ಚುಂಗು ಎತ್ತಿಕೊಂಡು, ಬಸ್ಸು ಹೊರಡುವುದಕ್ಕೆ ಮೊದಲೇ ಅವರು ಕಚೇರಿಯ ದಿಕ್ಕಿಗೆ ನಡೆದರು.

ಮತ್ತೆ ನಾನು ಅವರನ್ನು ನೋಡಲಿಲ್ಲ. ಪತ್ರ ಬರೆಯಲು ಹಲವು ಸಲ ಕೂತೆ, ಬರೆಯಲಿಲ್ಲ. ಮುಂದಿನ ಸಂಗತಿಗಳು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ ಹಳಿಯಾಳದಲ್ಲಿ ಸಿಕ್ಕ ಸಿಪಾಯಿಯಿಂದ. ನನ್ನ ನಂತರ ಬಂದ ಇಬ್ಬರು ಹುಡುಗರಿಗೂ ಮಾಸ್ತರು ಕಲಿಸಿದರಂತೆ, ಇಬ್ಬರೂ ನಿಲ್ಲಲಿಲ್ಲ. ಕಂಪನಿ ಮುಚ್ಚಿದಾಗ ತಿಜೋರಿ ತೆರೆದು ಪಾಕೀಟನ್ನು ಅವರಿಗೆ ಕೊಟ್ಟರಂತೆ. ಆಗ ಅವರಿಗೆ ಐವತ್ತರ ಹತ್ತಿರ. ಆಮೇಲೆ ಹೆಂಡತಿಯ ಊರಿನಲ್ಲೇ ಇದ್ದರು. ಒಂದೇ ಸೂರಿನಡಿ ಇದ್ದರು ಎಂಬುದಷ್ಟೇ ಖಚಿತ. ಎಷ್ಟು ವರ್ಷ ಎಂಬುದು ಗೊತ್ತಿಲ್ಲ.

ಅವರು ತೀರಿಕೊಂಡ ಸುದ್ದಿ ನನ್ನ ಮೇಜಿಗೇ ಬಂತು. ಮುಂಡಗೋಡದ ನಮ್ಮ ವರದಿಗಾರರು ಕಳಿಸಿದ ಮೂರು ಸಾಲು. ಹೆಸರು, ವಯಸ್ಸು, ‘ದಾಂಡೇಲಿಯ ಖಾಸಗಿ ಕಂಪನಿಯೊಂದರ ನಿವೃತ್ತ ಗುಮಾಸ್ತ’, ಪತ್ನಿ ಮತ್ತು ಮಗಳು ಇದ್ದಾರೆ. ನಿಧನ ವಾರ್ತೆಗಳನ್ನು ನೋಡುವುದು ಆಗ ನನ್ನ ಕೆಲಸವಾಗಿರಲಿಲ್ಲ. ಆ ದಿನ ನೋಡಬೇಕಾದವರು ರಜೆಯಲ್ಲಿದ್ದರು. ನಾನು ಬಹಳ ಹೊತ್ತು ಪೆನ್ನು ಹಿಡಿದು ಕೂತೆ. ಆಮೇಲೆ ‘ನಿವೃತ್ತ ಗುಮಾಸ್ತ’ ಎಂಬುದನ್ನು ಹೊಡೆದು ‘ಇಂಗ್ಲಿಷ್ ಶಿಕ್ಷಕ’ ಎಂದು ಬರೆದೆ. ವರದಿಗಾರರು ಕಳಿಸಿದ ಸಂಗತಿಯನ್ನು ಕೇಳದೆ ಬದಲಿಸಿದ್ದು ನನ್ನ ವೃತ್ತಿಯಲ್ಲಿ ಅದೊಂದೇ ಸಲ. ತಿದ್ದುಪಡಿ ಕೇಳಿ ಯಾರೂ ಬರೆಯಲಿಲ್ಲ. ಆ ಮನೆಯಿಂದಲೂ ಬರೆಯಲಿಲ್ಲ. ನಾನು ಪ್ರಕಟಿಸಬೇಕಾಗಿದ್ದ ತಿದ್ದುಪಡಿ ಬೇರೆಯದೇ ಇತ್ತು, ಅದನ್ನು ಇಂದು ಬರೆಯುತ್ತಿದ್ದೇನೆ.

ಬಡಿಗೇರರು ಸಂಜೆ ಕೆಲಸ ಮುಗಿಸಿ ಹೊಟ್ಟು ಗುಡಿಸುವಾಗ ತೆರೆದ ಡಬ್ಬಿಯಿಂದ ಸುತಳಿ ಹರಿದು ನನ್ನ ಕಾಲ ಬಳಿ ಬಿದ್ದಿದ್ದ ಒಂದು ಪಟ್ಟಿಯನ್ನೂ ಎತ್ತಿಕೊಂಡರು. ಮೂಸಿ ನೋಡಿದರು. “ಹಳೇ ಸಾಗವಾನೀರಿ. ಛಲೋ ಮಾಲ. ಒಗೀಲೇನ್ರಿ ಸರ?”

“ಬ್ಯಾಡ, ಇಲ್ಲಿ ಕೊಡ್ರಿ.”

ಅವರು ಪಟ್ಟಿಯನ್ನು ಅತ್ತಿತ್ತ ತಿರುವಿದರು. “ಎರಡೂ ಕಡೆ ಬರದೈತಲ್ರಿ. ಏನಂತಾರ ಇದಕ್ಕ?”

ನಾನು ಒಂದು ಬದಿಯನ್ನು ಓದಿ ಹೇಳಿದೆ, ತಿರುವಿ ಇನ್ನೊಂದನ್ನು ಓದಿದೆ. ಬಡಿಗೇರರು ನಕ್ಕರು. “ಎರಡೂ ಒಂದs ಕೇಳಿಸ್ತಾವಲ್ರಿ! ಯಾವ್ದು ಯಾವ್ದಂತ ನಿಮಗ ಹೆಂಗ ಗೊತ್ತಾಗತೈತ್ರಿ?”

“ಗೊತ್ತಾಗತೈತಿ” ಎಂದೆ.

ಅವರು ಹೊಟ್ಟು ತುಂಬಿಕೊಂಡು ಹೊರಗೆ ಹೋದರು. ವಾಸನೆ ಇನ್ನೂ ಪಡಸಾಲೆಯಲ್ಲೇ ಇತ್ತು... ಪಟ್ಟಿಯನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ. ಅಂದು ಆ ಹನ್ನೆರಡು ಹೆಜ್ಜೆ ಇಡುವಾಗಲೂ ಗೊತ್ತಾಗುತ್ತಿತ್ತು.